ತಂತಿ ಹೋದ ದಾರಿ, ಬೆಳಕು ಬಾರದ ಕೇರಿ

ಕರೆಂಟು ಮಾಡುವ ಕಂಪನಿಗಳು ಹೊಸ ಮಾತು ಕಲಿತಿವೆ. ಜನರ ಏಳಿಗೆ, ಊರಿಗೆ ನೆರವು, ಭೂಮಿಯ ಬಿಸಿ ತಗ್ಗಿಸುವ ಪಣ. 2013ರ ಕಂಪನಿ ಕಾಯಿದೆ ಬಂದಮೇಲೆ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜಕ್ಕೆ ಖರ್ಚು ಮಾಡಬೇಕು. ಶಾಲೆಗೆ ಬೆಂಚು ಬರುತ್ತದೆ, ಊರಿಗೆ ನೀರಿನ ಘಟಕ ಬರುತ್ತದೆ. ಬರಲಿ, ಬೇಡ ಅನ್ನೋರು ಯಾರು? ಉಳಿದ ತೊಂಬತ್ತೆಂಟು ರೂಪಾಯಿ ಯಾರ ನೆಲದಲ್ಲಿ, ಯಾರ ಬೆವರಲ್ಲಿ ಹುಟ್ಟಿತು ಅಂತ ಕೇಳೋದು ನಮ್ಮ ಕೆಲಸ. ರಾಗಿ ಹೊಲ, ಬತ್ತುವ ಬೋರ್‌ವೆಲ್ಲುಗಳ ಈ ದೊಡ್ಡಬೆಳವಂಗಲ ಹೋಬಳಿಯಲ್ಲಿ ನಿಂತು ಆ ಚರಿತ್ರೆಯನ್ನು ಕೆಳಗಿನಿಂದ ಓದೋಣ.

ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರದ ಯೋಜನೆ 1902ರಲ್ಲಿ ಕರೆಂಟು ಕೊಟ್ಟಿತು. ಮೈಸೂರಿನ ಹೆಮ್ಮೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಮೊದಲ ಕರೆಂಟು ಹೋದದ್ದೆಲ್ಲಿಗೆ? ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ, ಜಾನ್ ಟೇಲರ್ ಕಂಪನಿಯ ಯಂತ್ರಗಳಿಗೆ. ಬೆಂಗಳೂರು ಪೇಟೆಗೆ ದೀಪ ಬಂದದ್ದು 1905ರಲ್ಲಿ. ನಡುವಿನ ಹಳ್ಳಿಗಳ ಗುಡಿಸಲಿಗೆ ದೀಪ ಹಚ್ಚಲೆಂದು ಆ ತಂತಿ ಎಳೆದಿರಲಿಲ್ಲ. ಗಣಿಯ ಆಳಕ್ಕೆ ಇಳಿದ ಕೂಲಿಗಳಲ್ಲಿ ಬಹಳ ಮಂದಿ ತಮಿಳು ಸೀಮೆಯಿಂದ ಬಂದ ಅಸ್ಪೃಶ್ಯ ಜಾತಿಗಳವರು. ಚಿನ್ನ ಹಡಗು ಹತ್ತಿತು, ಕಲ್ಲಿನ ಧೂಳು ನಮ್ಮೋರ ಎದೆಗೂಡಲ್ಲಿ ಉಳಿಯಿತು. 2001ರಲ್ಲಿ ಗಣಿಯೂ ಮುಚ್ಚಿತು.

ಸ್ವಾತಂತ್ರ್ಯ ಬಂದ ಮೇಲೂ ಲೆಕ್ಕ ಬದಲಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಶರಾವತಿಯ ಕರೆಂಟು ನಗರಕ್ಕೆ, ಕಾರ್ಖಾನೆಗೆ ಬಂತು. ಮುಳುಗಡೆಯಾದ ಸಾವಿರಾರು ಸಂಸಾರಗಳು ಹಕ್ಕುಪತ್ರಕ್ಕಾಗಿ ಎರಡು ಮೂರು ತಲೆಮಾರು ಕಚೇರಿ ಅಲೆದವು. ನಾಡಿಗೆ ಬೆಳಕು ಕೊಟ್ಟವರೇ ಕತ್ತಲಲ್ಲಿ ಕೂತರು.

ಇದಕ್ಕೆ ಬೇರೆ ದಾರಿ ಇರಲಿಲ್ಲವೆ? ಇತ್ತು. ಅದನ್ನು ಹೇಳಿದವರು ಬಾಬಾಸಾಹೇಬರು. ಅಂಬೇಡ್ಕರ್ 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ವಿದ್ಯುತ್ ಖಾತೆಯೂ ಅವರ ಕೈಯಲ್ಲಿತ್ತು. ಕರೆಂಟು ಅಗ್ಗವಾಗಿ, ಧಾರಾಳವಾಗಿ ಸಿಗದಿದ್ದರೆ ಕೈಗಾರಿಕೆ ಬೆಳೆಯೋದಿಲ್ಲ, ಕೈಗಾರಿಕೆ ಬೆಳೆಯದೆ ಬಡವರು ಬಡತನದಿಂದ ಬಿಡುಗಡೆಯಾಗೋದಿಲ್ಲ ಎಂದು 1943ರಲ್ಲೇ ವಾದಿಸಿದರು. ಅವರ ಪಾಲಿಗೆ ಕರೆಂಟು ಬಿಡುಗಡೆಯ ಸಾಧನ. ಬಾಬಾಸಾಹೇಬರನ್ನು ಬರೀ ಮೀಸಲಾತಿಗೆ ಕಟ್ಟಿಹಾಕುವವರು ಈ ಪುಟವನ್ನು ಮುಚ್ಚಿಡುತ್ತಾರೆ.

ಈಗ ಸೂರ್ಯನ ಸರದಿ. 2070ರ ಹೊತ್ತಿಗೆ ಹೊಗೆಯ ಲೆಕ್ಕ ಸೊನ್ನೆ ಮಾಡುತ್ತೇವೆಂದು ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿತು. ಅದಕ್ಕೂ ಮೊದಲೇ, 2018ರಲ್ಲಿ, ಪಾವಗಡದ ಸೌರ ಪಾರ್ಕು ಉದ್ಘಾಟನೆಯಾಗಿತ್ತು. ತಿರುಮಣಿ ಸುತ್ತಿನ ಐದು ಊರುಗಳ ಸುಮಾರು 13,000 ಎಕರೆ, 2,000 ಮೆಗಾವ್ಯಾಟಿಗೂ ಹೆಚ್ಚು. ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರಗಾಲದ ಸೀಮೆಯ ರೈತನಿಗೆ ಅದು ಆಸರೆಯೇ. ನಾವು ಅದನ್ನು ಹೀಗಳೆಯೋದಿಲ್ಲ. ಆದರೆ ಪಹಣಿಯಲ್ಲಿ ಹೆಸರಿಲ್ಲದವನ ಗತಿ? ಅದೇ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕಿದ ಕೂಲಿ ಹೆಂಗಸಿಗೆ ಗುತ್ತಿಗೆಯ ಕಾಸಿಲ್ಲ, ಕೂಲಿಯೂ ಹೋಯಿತು. ಕುರಿ ಮೇಯಿಸುವವನಿಗೆ ಬೇಲಿ ಎದುರಾಯಿತು. ಉಳಿದದ್ದು ಹುಲ್ಲು ಕೊಯ್ಯೋದು, ಗಾಜು ಒರೆಸೋದು, ಗೇಟು ಕಾಯೋದು, ಅದೂ ಕೆಲವರಿಗೆ. ಜಾತಿ ಯಾರಿಗೆ ನೆಲ ಕೊಡಲಿಲ್ಲವೋ ಅವರಿಗೆ ಸೂರ್ಯನ ಪಾಲೂ ಸಿಗಲಿಲ್ಲ.

ಈ ಪ್ರಶ್ನೆ ಪಾವಗಡದಲ್ಲೇ ನಿಲ್ಲೋದಿಲ್ಲ. ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳಿಗೆ ಹಗಲು ಕರೆಂಟು ಕೊಡಲು ಉಪಕೇಂದ್ರಗಳ ಹತ್ತಿರ ಸೌರ ಘಟಕ ಹಾಕುತ್ತಾರೆ. ಸರ್ಕಾರಿ ಜಮೀನನ್ನೂ ಅದಕ್ಕೆ ಹುಡುಕುತ್ತಾರೆ. ಪಂಪ್‌ಸೆಟ್ಟು ಹೊಲ ಇದ್ದವನದು. ಗೋಮಾಳ ಹೊಲ ಇಲ್ಲದವನ ಆಸೆ. ಫಾರಂ 57 ಹಾಕಿ ಕಾದವನ ಉಳುಮೆಯ ನೆಲದಲ್ಲಿ ಗಾಜಿನ ಹಲಗೆ ನಿಂತರೆ ಅವನು ಎಲ್ಲಿಗೆ ಹೋಗಬೇಕು? ಗೃಹಜ್ಯೋತಿ 2023ರಲ್ಲಿ ಮನೆಗೆ ಬಿಟ್ಟಿ ಕರೆಂಟು ತಂದಿತು, ಒಳ್ಳೆಯದೇ. ಆದರೆ ಮನೆಯ ಬಲ್ಬು ಹೊಲದ ಬದಲಿಗೆ ಬರೋದಿಲ್ಲ.

ಹಳ್ಳಿಯ ಮೇಷ್ಟ್ರುಗಳು, ವಿದ್ಯಾರ್ಥಿ ಗೆಳೆಯರು ಒಂದು ಕಾನೂನನ್ನು ಕೇರಿಗೆ ಓದಿ ಹೇಳಬೇಕು. 1978ರ ಪಿಟಿಸಿಎಲ್ ಕಾಯಿದೆ ಪ್ರಕಾರ ದಲಿತರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಮಾಡುವ ಹಾಗಿಲ್ಲ. ಪರಭಾರೆ ಅಂದರೆ ಮಾರಾಟ ಮಾತ್ರವಲ್ಲ, ಗುತ್ತಿಗೆಯೂ ಸೇರಿದೆ. ಕಂಪನಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಇದು ಗೊತ್ತಿರಬೇಕು.

ಭೂಮಿ ಬಿಸಿಯೇರಿದರೆ ಮೊದಲು ಬೇಯೋದು ಬಯಲಲ್ಲಿ ದುಡಿಯುವ ಮೈ. ಹಾಗಾಗಿ ಸೌರ ಕರೆಂಟು ನಮಗೆ ವೈರಿಯಲ್ಲ. ನಮಗೆ ಬೇಕಾದ್ದು ನೆರವಲ್ಲ, ಪಾಲು. ಘಟಕ ಬರುವ ಊರಿನ ಭೂಹೀನ ಸಂಸಾರಕ್ಕೂ ಆದಾಯದಲ್ಲಿ ಭಾಗ ಬೇಕು, ಕಾಯಂ ಕೆಲಸ ಬೇಕು, ಗೋಮಾಳ ಕೊಡುವ ಮೊದಲು ಗ್ರಾಮಸಭೆಯಲ್ಲಿ ಕೇರಿಯ ಒಪ್ಪಿಗೆ ಬೇಕು. 1902ರಲ್ಲಿ ತಂತಿ ನಮ್ಮ ತಲೆಯ ಮೇಲೆ ಹಾದುಹೋದಾಗ ಕೇಳುವ ಸಂಘಟನೆ ನಮಗಿರಲಿಲ್ಲ. ಈಗ ಇದೆ. ಕೇಳೋಣ.