ಧಾರವಾಡಕ್ಕ ಕಳಸ್ರೀ ಅನ್ನೋ ಮಾತು, ಸೈಕಾಲಜಿ ಅನ್ನೋ ಓದು

ನಮ್ಮ ಚಡಚಣ, ಇಂಡಿ ಕಡೆ ಯಾರಾದರೂ ಅಡ್ಡಾದಿಡ್ಡಿ ಮಾತಾಡಿದರೆ 'ಇವನ್ನ ಧಾರವಾಡಕ್ಕ ಕಳಸ್ರೀ' ಅಂತ ನಗುತ್ತೇವೆ. ಈ ಮಾತಿನಲ್ಲಿ ಧಾರವಾಡ ಅಂದರೆ ಪೇಢೆ ಅಲ್ಲ, ಯುನಿವರ್ಸಿಟಿಯೂ ಅಲ್ಲ, ಹುಚ್ಚಾಸ್ಪತ್ರೆ. 1845ರಲ್ಲಿ ಶುರುವಾದ ಆ ಆಸ್ಪತ್ರೆಗೆ ಈಗ ಡಿಮ್ಹಾನ್ಸ್ ಅನ್ನುವ ಹೆಸರಿದೆ. ನಮ್ಮ ಬಾಯಿಮಾತು ಮಾತ್ರ ಹಳೆಯದೇ. ಹಾಗಾಗಿ ಪಿಯುಸಿ ಮುಗಿಸಿದ ಮಗಳು ಸೈಕಾಲಜಿ ಓದುತ್ತೇನೆ ಅಂದರೆ, ಮನೆಯಲ್ಲಿ ಮೊದಲು ಬರುವ ಪ್ರಶ್ನೆ: 'ಹುಚ್ಚರ ಡಾಕ್ಟರ್ ಆಗ್ತಿ ಏನವಾ?'

ಡಾಕ್ಟರ್ ಆಗುವುದಿಲ್ಲ. ಆ ಡಾಕ್ಟರ್ ಆಗಲು ಎಂಬಿಬಿಎಸ್ ಮಾಡಿ, ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ. ಮಾಡಬೇಕು. ಹಾಗಾದರೆ ಸೈಕಾಲಜಿ ಓದಿದವರು ಏನಾಗುತ್ತಾರೆ? ಇದಕ್ಕೆ ಉತ್ತರ ಬೇಕಾದರೆ ನೂರು ವರ್ಷ ಹಿಂದಿನ ಮೈಸೂರಿಗೆ ಹೋಗಬೇಕು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಮೊದಲ ವಿಭಾಗ ತೆರೆದದ್ದು ಕಲ್ಕತ್ತಾ ವಿಶ್ವವಿದ್ಯಾಲಯ, 1916ರಲ್ಲಿ. ಅಲ್ಲಿ ಅದರ ಪಠ್ಯಕ್ರಮವನ್ನು ಮೊದಲೇ ಬರೆದುಕೊಟ್ಟಿದ್ದ ಬ್ರಜೇಂದ್ರನಾಥ ಸೀಲ್ 1921ರಲ್ಲಿ ಮೈಸೂರಿಗೆ ಕುಲಪತಿಯಾಗಿ ಬಂದರು. ಅವರ ಕಾಲದಲ್ಲೇ, 1924ರಲ್ಲಿ, ಮೈಸೂರಿನಲ್ಲೂ ಮನಃಶಾಸ್ತ್ರ ವಿಭಾಗ ಶುರುವಾಯಿತು. ನಡೆಸಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ. ಪ್ರಯೋಗಾಲಯ ಕಟ್ಟಿದರು, ಬುದ್ಧಿಮತ್ತೆಯ ಪರೀಕ್ಷೆಗಳನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ತಿದ್ದಿದರು. ನಮ್ಮಂಥ ಸುದ್ದಿಯವರು ಇನ್ನೊಂದು ಕಾರಣಕ್ಕೂ ಅವರನ್ನು ನೆನೆಯಬೇಕು: 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ರೇಡಿಯೋ ಕೇಂದ್ರ ನಡೆಸಿದ ಮನುಷ್ಯ ಇವರೇ. ಇವತ್ತು ಇಡೀ ದೇಶದ ರೇಡಿಯೋಕ್ಕಿರುವ ಹೆಸರು ಅದು.

ಆದರೆ ಮೈಸೂರು ಆಗ ನಮಗೆ ಬೇರೆ ರಾಜ್ಯ. ಬಿಜಾಪುರ ಜಿಲ್ಲೆ 1956ರವರೆಗೆ ಮುಂಬೈಗೆ ಸೇರಿತ್ತು. ನಮ್ಮ ಭಾಗಕ್ಕೆ ಸ್ವಂತದ್ದು ಅಂತ ಒಂದು ವಿಶ್ವವಿದ್ಯಾಲಯ ಬಂದದ್ದೇ 1949ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯ. ಅದು ಮರುವರ್ಷ ಧಾರವಾಡಕ್ಕೆ ಬಂತು. ಹುಚ್ಚಾಸ್ಪತ್ರೆ ಬಂದು ನೂರು ವರ್ಷ ಕಳೆದ ಮೇಲೆ!

ಇಲ್ಲಿಯವರೆಗೆ ಸೈಕಾಲಜಿ ಅಂದರೆ ಕಾಲೇಜಿನ ಓದು. ಓದಿದವರು ಹೆಚ್ಚಾಗಿ ಪಾಠ ಹೇಳುವವರಾಗುತ್ತಿದ್ದರು. ಅದು ರೋಗಿಯ ಹತ್ತಿರ ಬಂದದ್ದು ಬೆಂಗಳೂರಿನಲ್ಲಿ. ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ 1954ರ ಡಿಸೆಂಬರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. 1955ರಿಂದ ಡಾಕ್ಟರರಿಗೊಂದು ಡಿಪ್ಲೊಮಾ, ಸೈಕಾಲಜಿ ಎಂ.ಎ. ಆದವರಿಗೊಂದು ಡಿಪ್ಲೊಮಾ. ಎರಡನೆಯದೇ ಮುಂದೆ ಎಂ.ಫಿಲ್. ಆಯಿತು. 1974ರಲ್ಲಿ ಸಂಸ್ಥೆ ಮತ್ತು ಆಸ್ಪತ್ರೆ ಎರಡೂ ಸೇರಿ ನಿಮ್ಹಾನ್ಸ್ ಆದವು.

ನಮ್ಮ ಹುಡುಗರು ಎಡವುವುದು ಇಲ್ಲೇ. ಎಂ.ಎ. ಒಂದು ದಾರಿ, ಆಸ್ಪತ್ರೆಯ ತರಬೇತಿ ಇನ್ನೊಂದು. ಎಂ.ಎ. ಮುಗಿದ ತಕ್ಷಣ ಬೋರ್ಡು ಹಾಕಬಹುದು ಅಂತ ತಿಳಿದು, ಹೊಲ ಮಾರಿ ಫೀಸು ಕಟ್ಟುವವರಿದ್ದಾರೆ. 1992ರ ಕಾಯ್ದೆಯ ಪ್ರಕಾರ 'ಕ್ಲಿನಿಕಲ್ ಸೈಕಾಲಜಿಸ್ಟ್' ಅಂತ ಕೆಲಸ ಮಾಡಲು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ತರಬೇತಿ ಬೇಕು, ಅದರ ನೋಂದಣಿಯೂ ಬೇಕು. ಆ ತರಬೇತಿಗೆ ಪ್ರವೇಶ ಪರೀಕ್ಷೆ ಇರುತ್ತದೆ, ಸೀಟು ಬಹಳ ಕಡಿಮೆ. ಮೇಲಾಗಿ ಹಳೆಯ ಎಂ.ಫಿಲ್. ಪ್ರವೇಶಕ್ಕೆ ಯುಜಿಸಿ 2025-26ರ ಸಾಲಿನವರೆಗೆ ಮಾತ್ರ ಅವಕಾಶ ಕೊಟ್ಟಿತ್ತು. ಅದರ ಜಾಗದಲ್ಲಿ ಹೊಸ ಕೋರ್ಸುಗಳು ಬರುತ್ತಿವೆ. ಹಾಗಾಗಿ ಅಣ್ಣನ ಕಾಲದ ಲೆಕ್ಕ ತಂಗಿಗೆ ನಡೆಯುವುದಿಲ್ಲ.

ಹಾಗಂತ ಎಂ.ಎ. ದಂಡ ಅಲ್ಲ. ಕಾಲೇಜಿನಲ್ಲಿ ಪಾಠ, ಶಾಲೆಯಲ್ಲಿ ಆಪ್ತಸಮಾಲೋಚನೆ, ಕಂಪನಿಗಳಲ್ಲಿ ಸಿಬ್ಬಂದಿ ವಿಭಾಗ, ಇವೆಲ್ಲ ಇವೆ. ಎಂಎಸ್‌ಡಬ್ಲ್ಯೂ ಓದಿ, ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿ ಪಡೆದು ಆಸ್ಪತ್ರೆ ಸೇರುವ ದಾರಿಯೂ ಇದೆ. ನನ್ನ ಕೇಳಿದರೆ, ನಮ್ಮ ಕಡೆಯವರು ಇದನ್ನು ಇನ್ನೂ ಸರಿಯಾಗಿ ನೋಡಿಯೇ ಇಲ್ಲ.

ಇಂಥವರಿಗೆ ಊರ ಹತ್ತಿರ ಕೆಲಸ ಎಲ್ಲಿದೆ ಅಂದರೆ, ಅದಕ್ಕೆ ದಾರಿ ಮಾಡಿದ್ದು ನಮ್ಮ ಉತ್ತರ ಕರ್ನಾಟಕವೇ. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. ಅದು 'ಬಳ್ಳಾರಿ ಮಾದರಿ' ಅಂತ ಹೆಸರಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಬುನಾದಿ. ಆ ಕಾರ್ಯಕ್ರಮದ ತಂಡದಲ್ಲಿ ಮನೋವೈದ್ಯರ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರ ಹುದ್ದೆಗಳೂ ಇರುತ್ತವೆ. 2022ರಿಂದ ಟೆಲಿ-ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ಮನೆಯಲ್ಲಿ ಸೈಕಾಲಜಿ ಅನ್ನುತ್ತಿರುವ ಮಗಳಿದ್ದರೆ, ಕಾಲೇಜಿನವರು ತೋರಿಸುವ ಬಣ್ಣದ ಪುಸ್ತಕ ಪಕ್ಕಕ್ಕಿಡಿ. ಈ ಕೋರ್ಸಿಗೆ ಆರ್‌ಸಿಐ ಮಾನ್ಯತೆ ಇದೆಯೋ ಇಲ್ಲವೋ, ಅಷ್ಟು ಕೇಳಿ. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿ ಆ ಮಂಡಳಿಯ ವೆಬ್‌ಸೈಟಿನಲ್ಲೇ ಇದೆ, ಈ ಫೋನಿನಲ್ಲೇ ತೆರೆಯುತ್ತದೆ.