ಮೊದಲ ವರ್ಷ ದಾಟದ ಕೂಸುಗಳು: ಕನ್ನಡ ನಾಡಿನ ಶಿಶುಮರಣದ ಚರಿತ್ರೆ

ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುವವರ ಸಂಖ್ಯೆಯೇ ಶಿಶುಮರಣ ಪ್ರಮಾಣ. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯಂತೆ 1937ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಇದು 162. ಹೆಚ್ಚುಕಡಿಮೆ ಪ್ರತಿ ಆರು ಕೂಸುಗಳಲ್ಲಿ ಒಂದು ಕೂಸು ವರ್ಷ ತುಂಬುವುದರೊಳಗೇ ಮಣ್ಣು ಸೇರುತ್ತಿತ್ತು. ಹಳ್ಳಿಗಳಲ್ಲಿ ಹುಟ್ಟುಸಾವು ಬರೆಯುವ ಕೆಲಸ ಬಹುಮಟ್ಟಿಗೆ ಊರ ಅಧಿಕಾರಿಗಳ ಮೇಲಿತ್ತು. ಹೆಸರಿಡುವ ಮುಂಚೆ ಸತ್ತ ಮಗು ಆ ಪುಸ್ತಕಕ್ಕೆ ಏರದೆ ಹೋಗುವುದು ಸಾಮಾನ್ಯವಾಗಿದ್ದರಿಂದ ನಿಜವಾದ ಸಂಖ್ಯೆ ಇನ್ನೂ ಹೆಚ್ಚಿತ್ತೆಂದೇ ತಿಳಿಯಬೇಕು.

ಈ ಸಾವುಗಳ ಅಳತೆ ಅಂಕಿಗಳಿಗಿಂತ ಆಚರಣೆಗಳಲ್ಲಿ ಸ್ಪಷ್ಟವಾಗಿ ಉಳಿದಿದೆ. ಸಾಲಾಗಿ ಮಕ್ಕಳು ಸತ್ತ ಮನೆಯಲ್ಲಿ ಮುಂದಿನದು ಹುಟ್ಟಿದಾಗ ಅದನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪ, ತಿಪ್ಪಮ್ಮ ಎಂದು ಕರೆಯುತ್ತಿದ್ದರು. ಗುಂಡ, ಕಲ್ಲ ಎಂಬ ಹೆಸರುಗಳ ಹಿಂದೆಯೂ ಎಷ್ಟೋ ಕಡೆ ಇದೇ ಭಯವಿತ್ತು. ಉತ್ತರ ಕರ್ನಾಟಕದಲ್ಲಿ ಐದನೆಯ ಅಥವಾ ಆರನೆಯ ದಿನ ಶೆಟವಿ ಎಂಬ ದೇವತೆ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆಂದು ನಂಬಿ ಪೂಜೆ ಮಾಡುತ್ತಿದ್ದರು. ಅತ್ಯಂತ ಅಪಾಯದ ದಿನಗಳು ಯಾವುವೆಂಬುದು ಆ ಹೆಂಗಸರಿಗೆ ಅನುಭವದಿಂದಲೇ ಗೊತ್ತಿತ್ತು. ನವಜಾತ ಶಿಶುಗಳಲ್ಲಿ ಧನುರ್ವಾಯು ಕಾಣಿಸಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ. ಹಾಲು ಕುಡಿಯುತ್ತಿದ್ದ ಮಗು ಬಾಯಿ ಕಚ್ಚಿಕೊಂಡು, ಮೈ ಸೆಟೆದು ಒಂದೆರಡು ದಿನಗಳಲ್ಲಿ ಹೋಗಿಬಿಡುತ್ತಿತ್ತು. ಅದನ್ನು ಬಾಲಗ್ರಹವೆಂದು ಬಗೆದು ತಾಯತ ಕಟ್ಟುತ್ತಿದ್ದರು.

ಕಾರಣವಿದ್ದದ್ದು ಹೊಕ್ಕುಳಲ್ಲಿ. ಹೆರಿಗೆ ನಡೆಯುತ್ತಿದ್ದ ಕೋಣೆಗೆ ಗಾಳಿ ಬೆಳಕು ಕಡಿಮೆ. ಹೊಕ್ಕುಳಬಳ್ಳಿ ಕೊಯ್ಯಲು ಕುಡುಗೋಲು ಅಥವಾ ಬಿದಿರಿನ ಸಿಬಿರು ಬಳಸಿ, ಗಾಯಕ್ಕೆ ಬೂದಿಯನ್ನೋ ಸಗಣಿಯನ್ನೋ ಹಚ್ಚುತ್ತಿದ್ದರು. ತಾಯಿಯ ಮೊದಲ ದಿನಗಳ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಮಗುವಿನ ಬಾಯಿಗೆ ಸಕ್ಕರೆ ನೀರು, ಜೇನು, ಹರಳೆಣ್ಣೆ ಹಾಕುವ ಮನೆಗಳು ಬಹಳವಿದ್ದವು. ರೋಗ ತಡೆಯುವ ಮೊದಲ ಶಕ್ತಿ ಹೀಗೆ ನೆಲದ ಪಾಲಾಗುತ್ತಿತ್ತು. ಇದೆಲ್ಲದರ ಹೊಣೆಯನ್ನು ಸೂಲಗಿತ್ತಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ವೈದ್ಯರಿಲ್ಲದ ಊರುಗಳಲ್ಲಿ ಬಾಣಂತಿಗೆ ಆಸರೆಯಾಗಿದ್ದವರು ಅವರೊಬ್ಬರೇ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಕೊರತೆಯಿದ್ದದ್ದು ಅವರ ಕೈಗೆ ಶುದ್ಧವಾದ ಬ್ಲೇಡು, ಸಾಬೂನು, ತರಬೇತಿ ತಲುಪಿಸುವ ವ್ಯವಸ್ಥೆಯಲ್ಲಿ.

ಕೂಸಿನ ಆಯಸ್ಸು ಅದು ಹುಟ್ಟುವ ಎಷ್ಟೋ ಮುಂಚೆ ತಾಯಿಯ ಮೈಯಲ್ಲೇ ತೀರ್ಮಾನವಾಗುತ್ತದೆ ಎಂಬುದನ್ನು ಈ ಚರಿತ್ರೆ ಮತ್ತೆ ಮತ್ತೆ ತೋರಿಸುತ್ತದೆ. ಮೈನೆರೆದ ಕೂಡಲೇ ಗಂಡನ ಮನೆ ಸೇರಿದ ಹುಡುಗಿ ತಾನೇ ಬೆಳೆದು ಮುಗಿಯುವ ಮುನ್ನ ಹೆರುತ್ತಿದ್ದಳು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಇಂದಿನ ಕಣ್ಣಿಗೆ ತೀರಾ ಅಲ್ಪವೆನಿಸುವ ಆ ಮಿತಿಗೂ ಆಗ ಬಲವಾದ ವಿರೋಧವಿತ್ತು. ಹೆರಿಗೆಗಳ ನಡುವಿನ ಅಂತರ ಇನ್ನೊಂದು ದೊಡ್ಡ ಅಂಶ. ಕೈಗೂಸು ಮೊಲೆ ಬಿಡುವ ಮುಂಚೆಯೇ ತಾಯಿ ಮತ್ತೆ ಬಸುರಾದರೆ ಎರಡೂ ಮಕ್ಕಳು ಸೊರಗುತ್ತವೆ. 1930ರಲ್ಲಿ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ಇಂಥ ಕೆಲಸ ಮಾಡಿದ್ದಕ್ಕೆ ಲೋಕದಲ್ಲೇ ಇದು ತೀರಾ ಮೊದಲ ಉದಾಹರಣೆಗಳಲ್ಲೊಂದು.

ಹುಟ್ಟಿ ಉಳಿದ ಕೂಸುಗಳನ್ನು ಸಾಂಕ್ರಾಮಿಕ ರೋಗಗಳು ಕಾಯುತ್ತಿದ್ದವು. ಅವುಗಳಲ್ಲಿ ಸಿಡುಬಿಗೆ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಚಿತ್ರಕಾರ ಥಾಮಸ್ ಹಿಕ್ಕಿ 1805ರ ಸುಮಾರಿಗೆ ಬರೆದ ಮೈಸೂರು ಅರಮನೆಯ ಮೂವರು ಸ್ತ್ರೀಯರ ಚಿತ್ರ, ರಾಣಿಯೇ ಲಸಿಕೆ ಹಾಕಿಸಿಕೊಂಡದ್ದನ್ನು ಪ್ರಜೆಗಳಿಗೆ ತೋರಿಸಲು ಬರೆಸಿದ್ದೆಂದು ಕೆಲವು ಇತಿಹಾಸಕಾರರು ಹೇಳುತ್ತಾರೆ. ಮಲೇರಿಯಾ ಇನ್ನೂ ಮೌನವಾಗಿ ಕೊಲ್ಲುತ್ತಿತ್ತು. ಬಸುರಿಗೆ ಈ ಚಳಿಜ್ವರ ಬಂದರೆ ಅವಳು ರಕ್ತಹೀನತೆಯಿಂದ ಬಲಗುಂದಿ, ದಿನ ತುಂಬದ, ತೂಕವಿಲ್ಲದ ಮಗು ಹುಟ್ಟುವ ಅಪಾಯ ಹೆಚ್ಚುತ್ತದೆ. ಮಲೆನಾಡಿನ ಎಷ್ಟೋ ಹಳ್ಳಿಗಳು ಈ ಜ್ವರಕ್ಕೆ ಬಡವಾದವು. ಮಂಡ್ಯದ ಬಯಲಿಗೆ ಇರ್ವಿನ್ ನಾಲೆಯ ನೀರು ಭತ್ತ, ಕಬ್ಬುಗಳ ಜತೆಗೆ ಸೊಳ್ಳೆಯನ್ನೂ ತಂದಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಡಿಡಿಟಿ ಸಿಂಪಡಣೆ ತಾಯಂದಿರನ್ನೂ ಕೂಸುಗಳನ್ನೂ ಒಟ್ಟಿಗೆ ಉಳಿಸಿತು. ಬೇಸಿಗೆಯ ವಾಂತಿಭೇದಿಗೆ ಸುಲಭದ ಮದ್ದು ಸಿಕ್ಕಿದ್ದು ಆಮೇಲೆ. 1971ರಲ್ಲಿ ಡಾ. ದಿಲೀಪ್ ಮಹಾಲನೊಬಿಸ್ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಉಪ್ಪು ಸಕ್ಕರೆಯ ನೀರು ಜೀವ ಉಳಿಸುವುದನ್ನು ತೋರಿಸಿಕೊಟ್ಟರು.

ಬೆಂಗಳೂರಿನ ವಾಣಿವಿಲಾಸ ಹೆರಿಗೆ ಆಸ್ಪತ್ರೆ 1935ರಲ್ಲಿ ಬಾಗಿಲು ತೆರೆಯಿತಾದರೂ ಹಳ್ಳಿಯ ಹೆಣ್ಣಿಗೆ ಅದು ದೂರದ ಮಾತಾಗಿತ್ತು. 1975ರಲ್ಲಿ ತಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಆರಂಭವಾದವು. 1985ರಿಂದ ಸಾರ್ವತ್ರಿಕ ಲಸಿಕೆ ಬಂತು. 1971ರಲ್ಲಿ 95ರಷ್ಟಿದ್ದ ರಾಜ್ಯದ ಶಿಶುಮರಣ ಪ್ರಮಾಣ 1981ರ ಹೊತ್ತಿಗೆ 69ಕ್ಕೆ ಇಳಿದು, ಮುಂದಿನ ಹತ್ತು ವರ್ಷಗಳಲ್ಲಿ ಮತ್ತೆ ತುಸು ಏರಿತು. 1991ರಲ್ಲಿ ಅದು 77. ಲಸಿಕೆಯಿಂದ ತಡೆಯಬಹುದಾದ ಸಾವುಗಳು ತಗ್ಗಿದರೂ ಹೆರಿಗೆಯ ದಿನದ ಸಾವುಗಳು ಹಾಗೆಯೇ ಉಳಿದಿದ್ದವು. ರಾತ್ರಿ ಹೊತ್ತು ನೋವು ಕಾಣಿಸಿಕೊಂಡರೆ ಗಾಡಿಯಿಲ್ಲ, ಗಾಡಿ ಸಿಕ್ಕಿದರೆ ಕೇಂದ್ರದಲ್ಲಿ ದಾದಿಯಿಲ್ಲ. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ಬಾಣಂತಿಯರಿಗೆ ಕೊಟ್ಟ ಮಡಿಲು ಕಿಟ್ಟು, 2008ರ 108 ಆಂಬುಲೆನ್ಸ್ ಬಂದ ಮೇಲೆ ಹೆರಿಗೆ ಆಸ್ಪತ್ರೆಗೆ ಸಾಗಿತು. ಶಿಶುಮರಣ ಪ್ರಮಾಣ 2011ರಲ್ಲಿ 35ಕ್ಕೆ, 2020ರಲ್ಲಿ 19ಕ್ಕೆ ಇಳಿಯಿತು. ನವಜಾತರ ಧನುರ್ವಾಯು ಭಾರತದಿಂದ ನಿರ್ಮೂಲವಾದದ್ದನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ದೃಢಪಡಿಸಿತು.

ಈ ಇಳಿಕೆ ಎಲ್ಲರ ಮನೆಗೂ ಒಂದೇ ಸಮನೆ ಬಂದದ್ದಲ್ಲ. ತಾಯಿ ಹೈಸ್ಕೂಲು ದಾಟಿದ ಮನೆಯಲ್ಲಿ ಮಕ್ಕಳು ಹೆಚ್ಚು ಉಳಿಯುತ್ತವೆ. ಓದಿದವಳು ತಡವಾಗಿ ಮದುವೆಯಾಗುತ್ತಾಳೆ, ಕಾಯಿಲೆಯ ಮಗುವನ್ನು ಕರೆದೊಯ್ಯಲು ಯಾರ ಅಪ್ಪಣೆಗೂ ಕಾಯುವುದಿಲ್ಲ. ರಕ್ತಹೀನತೆ, ಬಾಲ್ಯವಿವಾಹ, ದುಡಿಮೆಗೆ ಗುಳೆ ಹೋಗುವುದು ಹೆಚ್ಚಾಗಿರುವ ರಾಯಚೂರು, ಯಾದಗಿರಿ ಜಿಲ್ಲೆಗಳು ಕರಾವಳಿಗಿಂತ ಹಿಂದಿವೆ. ಸೋದರಮಾವನ ಜತೆಗಿನ ಮದುವೆಯಿಂದ ಹುಟ್ಟುವ ಮಕ್ಕಳಿಗೆ ವಂಶವಾಹಿ ಕಾಯಿಲೆಗಳ ಅಪಾಯವೂ ಏರುತ್ತದೆ. ಸೂತಕದ ಹೆಸರಿನಲ್ಲಿ ಬಾಣಂತಿಯನ್ನು ಊರಾಚೆಯ ಗುಡಿಸಲಿಗೆ ಕಳಿಸುವ ಪದ್ಧತಿ ಕೆಲವು ಗೊಲ್ಲರಹಟ್ಟಿಗಳಲ್ಲಿ ಈಗಲೂ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ ಮಳೆ ಚಳಿಗೆ ಸಿಕ್ಕ ಹಸುಗೂಸು ಹೀಗೆ ಸತ್ತಿತು. ಮನುಷ್ಯರೇ ತಡೆಯಬಹುದಾಗಿದ್ದ ಸಾವದು.

ಈಗ ಉಳಿದಿರುವ ಸಾವುಗಳಲ್ಲಿ ಬಹುಪಾಲು ಮೊದಲ ತಿಂಗಳಿನವು, ಅದರಲ್ಲೂ ಮೊದಲ ವಾರದವು. ದಿನ ತುಂಬದೆ ಹುಟ್ಟುವುದು, ಹುಟ್ಟಿದೊಡನೆ ಉಸಿರು ಕಟ್ಟುವುದು, ನಂಜು ಇವು ಮುಖ್ಯ ಕಾರಣಗಳು. ಜಿಲ್ಲಾ ಆಸ್ಪತ್ರೆಗಳ ನವಜಾತ ಶಿಶು ಘಟಕಗಳು ಇವುಗಳಿಗೆಂದೇ ಇವೆ. ಕಡಿಮೆ ತೂಕದ ಕೂಸನ್ನು ತಾಯಿಯ ಬರಿಯ ಎದೆಗೆ ಒತ್ತಿಟ್ಟು ಬೆಚ್ಚಗಿಡುವ ಕಾಂಗರೂ ಆರೈಕೆಯನ್ನು ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಪ್ರಯೋಗ ನಡೆಯಿತು. ಅದಕ್ಕೆ ದುಬಾರಿ ಯಂತ್ರ ಬೇಡ. ಬೇಕಾದದ್ದು ದಿನಗಟ್ಟಲೆ ಕೂತಿರಲು ತಾಯಿಗೆ ಬಿಡುವು, ಆ ಹೊತ್ತಿನಲ್ಲಿ ಮನೆಗೆಲಸ ಹೊತ್ತುಕೊಳ್ಳುವ ಅತ್ತೆ, ಗಂಡ, ಮತ್ತು ಮನೆ ಬಾಗಿಲಿಗೆ ಬಂದು ತೂಕ ನೋಡುವ ಆಶಾ ಕಾರ್ಯಕರ್ತೆ.