ಈಡು ತುಂಬುವ ಕೈ

ಹಾರಿಸಿದ ತೋಟಾವನ್ನು ಎಸೆಯದೆ ಮನೆಗೆ ತಂದು, ಸುಟ್ಟ ಕೇಪನ್ನು ತೆಗೆದು ಹೊಸದನ್ನು ಕೂರಿಸಿ, ಮದ್ದನ್ನು ತೂಗಿ ಸುರಿದು, ಬಾಯಿಗೆ ಬೇರೊಂದು ಗುಂಡನ್ನು ಒತ್ತಿಟ್ಟುಕೊಳ್ಳುವುದು ಅಮೆರಿಕದ ಬೇಟೆಗಾರರಲ್ಲಿ ತೀರಾ ಸಾಮಾನ್ಯವಾದ ಹವ್ಯಾಸ. ಕಳೆದ ಮೂವತ್ತು ನಲವತ್ತು ವರ್ಷಗಳಲ್ಲಿ ಆ ಗುಂಡಿನ ಲೋಹವೂ ಬದಲಾಗುತ್ತಿದೆ. ಸೀಸ ಮೃಗದ ಮೈಯೊಳಗೆ ಚೂರುಚೂರಾಗುತ್ತದೆ. ಉಳಿದ ಕರುಳು ಮಾಂಸ ತಿನ್ನುವ ರಣಹದ್ದುಗಳಿಗೆ ಆ ಚೂರುಗಳೇ ವಿಷ. ಕಾಂಡೋರ್ ಎಂಬ ದೊಡ್ಡ ರಣಹದ್ದು ಇದರಿಂದಲೇ ಸಾಯುತ್ತಿದೆ ಎಂದು ಗೊತ್ತಾದ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯ ಮೊದಲು ಆ ಹಕ್ಕಿಯ ಸೀಮೆಯಲ್ಲಿ, ಆಮೇಲೆ 2019ರ ಜುಲೈಯಿಂದ ಇಡೀ ರಾಜ್ಯದಲ್ಲಿ, ಬೇಟೆಗೆ ಸೀಸದ ಗುಂಡನ್ನು ನಿಷೇಧಿಸಿತು. ಅದರ ಜಾಗಕ್ಕೆ ಬಂದದ್ದು ಇಡಿಯಾಗಿ ತಾಮ್ರದ ಗುಂಡು. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡಿಗನಿಗೆ ಇದು ತನಗೆ ಸಂಬಂಧವೇ ಇಲ್ಲದ ಸಂಗತಿ ಎನ್ನಿಸಬಹುದು. ಸಂಬಂಧ ಇಲ್ಲದಂತಾದದ್ದು ಹೇಗೆ ಎಂಬುದೇ ನನ್ನ ಪ್ರಶ್ನೆ. ಈಡು ತುಂಬುವ ಕೈಕೆಲಸ ಈ ಸೀಮೆಗೆ ಹೊಸದಲ್ಲ. ಅದು ಹಳತಾಗಿ ತಾನೇ ಬಿದ್ದುಹೋದದ್ದೂ ಅಲ್ಲ. ಸರ್ಕಾರ ಅದನ್ನು ಲೆಕ್ಕ ಹಾಕಿಯೇ ಜನರ ಕೈಯಿಂದ ತೆಗೆಯಿತು, ಮತ್ತು ಬಂದೂಕಿಗಿಂತ ಹೆಚ್ಚಾಗಿ ಬಂದೂಕಿನೊಳಗೆ ಹೋಗುವ ಸರಕನ್ನು ಹಿಡಿದು ತೆಗೆಯಿತು.

ಜತ್ತ ಆದಿಲಶಾಹಿಯ ನೆಲ. ಡಫಳೆ ಮನೆತನದ ಜಹಗೀರು ಅದೇ ಕಾಲದ್ದು. ಉಮದಿ, ಸಂಖ, ದಾನಮ್ಮದೇವಿಯ ಗುಡ್ಡಾಪುರ, ಕುರಿತಳಿಗೆ ಹೆಸರಾದ ಮಾಡಗ್ಯಾಳ, ಎಲ್ಲವೂ ಮಳೆ ಕಡಿಮೆಯ, ಗಿಡಗಂಟಿ ತೆಳುವಾದ, ಚಿಗರಿಗೂ ತೋಳಕ್ಕೂ ಹೇಳಿ ಮಾಡಿಸಿದಂತಿದ್ದ ಬಯಲು. ಮದ್ದುಗುಂಡಿನ ವಿದ್ಯೆಯಲ್ಲಿ ವಿಜಾಪುರ ಸೀಮೆ ಯಾರಿಗೂ ಹಿಂದಿರಲಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡ ಮಲಿಕ್-ಎ-ಮೈದಾನ ತೋಪು ಇವತ್ತಿಗೂ ವಿಜಾಪುರದ ಕೋಟೆಯ ಮೇಲಿದೆ. 1565ರ ತಾಳಿಕೋಟೆ ಯುದ್ಧದಲ್ಲಿ ಸುಲ್ತಾನರ ಕಡೆಯ ತೋಪುಗಳಿಗೆ ಗುಂಡಿನ ಬದಲು ತಾಮ್ರದ ನಾಣ್ಯ ತುಂಬಿ ಹತ್ತಿರದಿಂದ ಹಾರಿಸಿದರೆಂದು ಚರಿತ್ರಕಾರ ಫೆರಿಸ್ತಾ ಬರೆದಿದ್ದಾನೆ. ಅದನ್ನು ನಂಬುವುದೋ ಬಿಡುವುದೋ, ತಾಮ್ರವನ್ನು ನಳಿಗೆಗೆ ತುಂಬುವ ಕಲ್ಪನೆಗಾದರೂ ಈ ನೆಲ ಯಾರ ಸಾಲವನ್ನೂ ಮಾಡಬೇಕಿಲ್ಲ. ತೋಪು ಅರಸರದ್ದಾದರೆ ಬತ್ತಿಯ ಬಂದೂಕು ಬೇಡರದ್ದು. 1705ರಲ್ಲಿ ಔರಂಗಜೇಬ ಸುರಪುರದ ಬಳಿಯ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಮೊಗಲ್ ಸೈನ್ಯವನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಪೀಡ ನಾಯಕನ ಬೇಡ ಬಂದೂಕುಗಾರರ ಗುರಿ. ಆ ಗುರಿಯಲ್ಲಿ ಕಣ್ಣಿಗೆ ಎಷ್ಟು ಪಾಲಿತ್ತೋ ಕೈಗೂ ಅಷ್ಟೇ ಪಾಲು. ಎಷ್ಟು ಮದ್ದು, ಎಷ್ಟು ಬಿಗಿಯಾಗಿ ಗಜದಿಂದ ಜಡಿಯಬೇಕು, ಗುಂಡು ನಳಿಗೆಗೆ ಎಷ್ಟು ಸಡಿಲವಿರಬೇಕು ಎಂಬುದನ್ನು ಪ್ರತಿ ಈಡಿಗೂ ಹಾರಿಸುವವನೇ ನಿರ್ಧರಿಸಬೇಕಿತ್ತು. ಸೀಸ ಕರಗಿಸಿ ಅಚ್ಚಿಗೆ ಹೊಯ್ಯಲು ಒಲೆಯ ಬೆಂಕಿ ಸಾಕು. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು, ಮತ್ತು ಪೆಟ್ಲುಪ್ಪು ಹಳೆಯ ಊರುಗಳ ಮಣ್ಣಿನಿಂದಲೇ ಬರುವ ಸರಕು. ಅಂದರೆ ತಯಾರಿಕೆಯ ಸರಪಳಿ ಬಹುಮಟ್ಟಿಗೆ ಊರಿನ ಸುತ್ತಲೇ ಇತ್ತು.

ಆ ಸರಪಳಿ ಕಡಿಯತೊಡಗಿದ್ದು 1857ರಲ್ಲಿ. ಉತ್ತರದ ದಂಗೆಯ ಬಿಸಿಯಲ್ಲಿ ಆ ವರ್ಷದ ಸೆಪ್ಟೆಂಬರಿನಲ್ಲಿ ಹೊರಟ ಕಾಯ್ದೆ ಆಯುಧ ಇಟ್ಟುಕೊಳ್ಳುವುದಕ್ಕೆ ಮಾತ್ರವಲ್ಲ, ಮದ್ದುಗುಂಡು ತಯಾರಿಸುವುದಕ್ಕೂ ಮಾರುವುದಕ್ಕೂ ಅಂಕುಶ ಹಾಕಿತು. ಜತ್ತದಿಂದ ದಕ್ಷಿಣಕ್ಕೆ, ಕೃಷ್ಣೆ ದಾಟಿದರೆ ಸಿಗುವ ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ನವೆಂಬರ್ ಕೊನೆಯಲ್ಲಿ ಮಾಲ್ಕಮ್‌ನ ಕುದುರೆ ಪಡೆ ಊರಿಗೆ ಬಂತು. ಮನೆಗಳು ಸುಟ್ಟವು, ನೂರರಷ್ಟು ಜನ ಸತ್ತರು, ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೇರಿಸಿದರು. ಮುಂದೆ ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಸಂಗ್ರಹಿಸಿ ಅಚ್ಚು ಹಾಕಿಸಿದ ಲಾವಣಿಯಿಂದಾಗಿ ಜಡಗ, ಬಾಲ ಎಂಬ ಹೆಸರುಗಳು ನಮಗೆ ಉಳಿದಿವೆ. ನಾವು ಇದನ್ನು ಸ್ವಾತಂತ್ರ್ಯ ಹೋರಾಟದ ಪುಟವಾಗಿ ಓದುತ್ತೇವೆ. ಅದು ಸರಿಯೇ. ಆದರೆ ಕಸುಬಿನ ಕಣ್ಣಿನಿಂದ ನೋಡಿದರೆ ಅಲ್ಲಿ ಇನ್ನೂ ಒಂದು ಸಂಗತಿ ಇದೆ. ಬೇಡನಿಗೆ ಬಂದೂಕು ಬೇಟೆಯ ಸಾಧನ, ಕಾವಲಿನ ಸಂಬಳಕ್ಕೆ ಆಧಾರ, ಜಾತಿಯ ಮಾನ, ಮೂರೂ ಹೌದು. ಅದನ್ನು ಬರೆಸಿ, ಎಣಿಸಿ, ಪರವಾನಗಿಯ ವಸ್ತು ಮಾಡಿದರೆ ಅವನ ಪಾಲಿಗೆ ಉಳಿಯುವುದು ಕೂಲಿ. ಆ ಲೆಕ್ಕ ಹಲಗಲಿಯವರಿಗೆ ಅಧಿಕಾರಿಗಳಿಗಿಂತ ಮುಂಚೆ ಗೊತ್ತಾಗಿತ್ತು ಎಂದೇ ನನಗೆ ತೋರುತ್ತದೆ.

ಜತ್ತ ಸಂಸ್ಥಾನವಾಗಿತ್ತು, ಕಂಪನಿಯ ಕಾಯ್ದೆ ಅಲ್ಲಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳುವವರಿದ್ದಾರೆ. ಕಾಗದದ ಮೇಲೆ ಆ ಮಾತು ನಿಲ್ಲುತ್ತದೆ. ಆದರೆ ಹಲಗಲಿಯೂ ಸಂಸ್ಥಾನದ ಊರೇ, ನೇಣಿನ ಹಗ್ಗಕ್ಕೆ ಆ ವ್ಯತ್ಯಾಸ ತಿಳಿಯಲಿಲ್ಲ. 1820ರ ಒಪ್ಪಂದದಿಂದ ಸಾತಾರಾದ ಕೆಳಗೆ ಜಹಗೀರುದಾರರಾಗಿದ್ದ ಡಫಳೆಗಳು 1848ರಲ್ಲಿ ಸಾತಾರಾ ಮುಳುಗಿದ ಮೇಲೆ ನೇರವಾಗಿ ಬ್ರಿಟಿಷರ ನೆರಳಿಗೆ ಬಂದರು. ಮುಂದೆ ಜತ್ತ, ಡಫಳಾಪುರಗಳು ವಿಜಾಪುರ ಏಜೆನ್ಸಿಗೆ ಸೇರಿ ಅಲ್ಲಿನ ಕಲೆಕ್ಟರನ ಕಣ್ಣಿನ ಕೆಳಗೆ ಇದ್ದವು. ಇದಕ್ಕಿಂತ ಗಟ್ಟಿಯಾದ ಉತ್ತರ 1878ರ ಆಯುಧ ಕಾಯ್ದೆಯೊಳಗೇ ಇದೆ. ಮದ್ದುಗುಂಡು ಎಂದರೆ ಏನು ಎಂದು ಹೇಳುವಾಗ ಅದು ಸ್ಫೋಟಕಗಳ ಜೊತೆಗೆ ಕೇಪು, ಬಂದೂಕಿಗೆ ತುರುಕುವ ಬಿರಡೆ, ಚಕಮಕಿ ಕಲ್ಲು, ಕೊನೆಗೆ ಮದ್ದುಗುಂಡು ತಯಾರಿಸುವ ಯಂತ್ರದವರೆಗೆ ಪಟ್ಟಿ ಮಾಡುತ್ತದೆ. ಆದರೆ ಸೀಸ, ಗಂಧಕ, ಪೆಟ್ಲುಪ್ಪು ಮೂರನ್ನೂ ಹೆಸರಿಸಿ ಹೊರಗಿಡುತ್ತದೆ. ಮೇಲುನೋಟಕ್ಕೆ ಇದು ಉದಾರತೆ. ಔಷಧಿ, ಪಟಾಕಿ, ಕಲಾಯಿ ಕೆಲಸಗಳಿಗೆ ಬೇಕಾದ ಸರಕನ್ನು ಕಟ್ಟಿಹಾಕಿದರೆ ವ್ಯಾಪಾರ ನಿಲ್ಲುತ್ತದೆಂಬ ವಿವೇಕವೂ ಅಲ್ಲಿದ್ದಿರಬೇಕು. ಆದರೆ ಅಷ್ಟರಲ್ಲಿ ಬತ್ತಿಯ ಬಂದೂಕಿನ ಕಾಲ ಮುಗಿಯುತ್ತಿತ್ತು, ಕೇಪಿನ ಬಂದೂಕು ಬಂದಿತ್ತು. ಕೇಪು ಸಣ್ಣ ತಾಮ್ರದ ಟೊಪ್ಪಿ, ಒಳಗೆ ತಟ್ಟಿದರೆ ಸಿಡಿಯುವ ರಾಸಾಯನಿಕ. ಅದನ್ನು ಉಮದಿಯ ಕಮ್ಮಾರ ಮಾಡಲಾರ. ಅದು ಬಂದರಿನಲ್ಲಿ ಇಳಿದು, ರೈಲು ಹತ್ತಿ, ಪರವಾನಗಿಯ ಅಂಗಡಿ ಹಾದು ಬರಬೇಕು. ಸಂಸ್ಥಾನದ ಗಡಿಯೊಳಗೆ ರಾಜನ ಆಜ್ಞೆ ಏನೇ ಇರಲಿ, ಆ ದಾರಿಯೆಲ್ಲ ಬ್ರಿಟಿಷರದ್ದು. ಸೀಸ ಬಿಟ್ಟುಕೊಟ್ಟು ಕೇಪು ಹಿಡಿದುಕೊಂಡವನಿಗೆ ಇಡೀ ಬಂದೂಕೇ ಸಿಕ್ಕಿತು. ಜತ್ತ ಸೀಮೆಯ ಸಿಂಧೂರ ಗ್ರಾಮದಲ್ಲಿ ಹುಟ್ಟಿ, ಸರ್ಕಾರಿ ಖಜಾನೆಗಳ ಮೇಲೆ ಬಿದ್ದು, 1922ರಲ್ಲಿ ಕೊಲೆಯಾದ ಸಿಂಧೂರ ಲಕ್ಷ್ಮಣನ ಕಥೆ ಹೇಳುವವರು ಅವನ ಬಂದೂಕನ್ನು ಮರೆಯುವುದಿಲ್ಲ. ಅವನ ಕಾಲಕ್ಕೆ ಬಂದೂಕಿಗಿಂತ ಕಷ್ಟದ ವಸ್ತು ತೋಟಾ ಆಗಿದ್ದಿರಬೇಕು. ಅದರ ಲಾವಣಿಯನ್ನು ಯಾರೂ ಕಟ್ಟುವುದಿಲ್ಲ.

ನನ್ನ ವಾದಕ್ಕೆ ಬರುವ ಬಲವಾದ ಆಕ್ಷೇಪ ಬೇರೆ. ಕಾರ್ಖಾನೆಯ ತೋಟಾ ಬಂದ ಮೇಲೆ ಕೈಯಿಂದ ತುಂಬುವ ಕೆಲಸ ಎಲ್ಲ ಕಡೆಯೂ ಸಾಯಲೇಬೇಕಿತ್ತು, ಇದರಲ್ಲಿ ಕಾನೂನಿನ ಪಾಲು ಎಷ್ಟು ಎಂಬುದು. ಹಾಗೆ ಆಗಿದ್ದರೆ ಅಮೆರಿಕದಲ್ಲೂ ಇಂಗ್ಲೆಂಡಿನಲ್ಲೂ ಅದು ಸಾಯಬೇಕಿತ್ತು. ಸತ್ತಿಲ್ಲ. ಹಿತ್ತಾಳೆಯ ತೋಟಾಕ್ಕೆ ಮತ್ತೆ ಮತ್ತೆ ತುಂಬಿಸಿಕೊಳ್ಳುವ ಗುಣವಿದೆ, ಅದು ಕೈಕೆಲಸವನ್ನು ಕೊಲ್ಲಲಿಲ್ಲ, ಹೊಸ ರೂಪಕ್ಕೆ ತಿರುಗಿಸಿತು. ಇಲ್ಲಿಗೆ ಶಿಕಾರಿಗೆ ಬಂದ ಸಾಹೇಬರೇ ಡೇರೆಯಲ್ಲಿ ತೋಟಾ ತುಂಬುವ ಸಲಕರಣೆ ಇಟ್ಟುಕೊಳ್ಳುತ್ತಿದ್ದರು. ಸೀಸಕ್ಕೆ ತವರ ಬೆರೆಸಿ ಗಟ್ಟಿ ಮಾಡುವುದು ಅವರಿಗೆ ಗೊತ್ತಿತ್ತು. 19ನೇ ಶತಮಾನದ ಕೊನೆಯ ಎಕ್ಸ್‌ಪ್ರೆಸ್ ರೈಫಲುಗಳಲ್ಲಿ ಗುಂಡಿನ ಟೊಳ್ಳು ತುದಿಗೆ ತಾಮ್ರದ ಕೊಳವೆ ಕೂರಿಸಿ ಅದು ಬೇಗ ಅರಳುವಂತೆ ಮಾಡುತ್ತಿದ್ದರು. ತಾಮ್ರದ ಗುಂಡಿನ ಚರಿತ್ರೆ ಬರೆಯುವವರು 1898ರ ಫ್ರೆಂಚ್ ಸೈನ್ಯದ ಇಡಿ ತಾಮ್ರ-ಸತುವಿನ ಗುಂಡನ್ನೂ, 1980ರ ದಶಕದ ಕೊನೆಗೆ ಅಮೆರಿಕದ ಬಾರ್ನ್ಸ್ ಕಂಪನಿ ತಂದ ನಾಲ್ಕು ದಳಗಳಾಗಿ ಅರಳುವ ಗುಂಡನ್ನೂ ನೆನೆಯುತ್ತಾರೆ. ನಡುವಿನ ಈ ಭಾರತದ ಅಧ್ಯಾಯವನ್ನು ಬಿಡುವುದು ಸರಿಯಲ್ಲ. ಗುಂಡಿನ ಆಕಾರವನ್ನು ಬೇಟೆಗಿಂತ ಹೆಚ್ಚಾಗಿ ಸರ್ಕಾರದ ಅಂಜಿಕೆ ನಿರ್ಧರಿಸಿದ ದೇಶ ಇದು. ಸೈನ್ಯದ ಹಳೆಯ ಬಂದೂಕುಗಳಿಗೆ ಹೊಂದೀತೆಂದು 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲುಗಳ ಆಮದನ್ನು ಇಲ್ಲಿ ತಡೆದರು. ಇಂಗ್ಲೆಂಡಿನ ಬಂದೂಕು ಮನೆಗಳು ಭಾರತದ ಗಿರಾಕಿಗಾಗಿ .465, .470ರಂಥ ಹೊಸ ಅಳತೆಗಳನ್ನು ಹುಡುಕಬೇಕಾಯಿತು. .303 ಸೈನ್ಯದ ತೋಟಾ, ಸಾಮಾನ್ಯರ ಕೈಗೆ ಸಿಗಕೂಡದು. ಹಾಗಾಗಿ ನಮ್ಮ ಇಶಾಪುರ ಕಾರ್ಖಾನೆಯ ಬೇಟೆ ರೈಫಲ್ .315 ಆಯಿತು. ಸ್ವಾತಂತ್ರ್ಯ ಬಂತು, ಆ ಅಳತೆ ಹಾಗೆಯೇ ಉಳಿಯಿತು.

ಜತ್ತದ ಬಡ ಬೇಟೆಗಾರನ ಕೈಯಲ್ಲಿ ಬಂದೂಕು ಇತ್ತೇ ಎಂಬ ಸಂಶಯಕ್ಕೂ ಉತ್ತರ ಹೇಳಬೇಕು. ಹರಣಶಿಕಾರಿಗಳು ಚಿಗರಿ ಹಿಡಿಯುತ್ತಿದ್ದದ್ದು ಉರುಲಿನಿಂದ, ಕುರುಬ ತೋಳ ಅಟ್ಟುತ್ತಿದ್ದದ್ದು ನಾಯಿ ಬಡಿಗೆಗಳಿಂದ. ಕೊಲ್ಲಾಪುರದ ಮಹಾರಾಜರ ಚಿಗರಿ ಬೇಟೆಗೆ ಸಾಕಿದ ಚೀತಾಗಳಿದ್ದವು. ಹೀಗೆ ಬೇಟೆಯ ದೊಡ್ಡ ಪಾಲಿಗೆ ಮದ್ದೇ ಬೇಕಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಬಂದೂಕು ಬೇಟೆಗಿಂತ ಮೊದಲು ಕಾವಲಿನ ವಸ್ತು. ಈ ಸೀಮೆಯಲ್ಲಿ ತಳವಾರರಿಗೂ ಶೇತಸನದಿಗಳಿಗೂ ಊರು ಕಾಯುವ ಚಾಕರಿಗೆ ಹೊಲ ಕೊಡುತ್ತಿದ್ದರು, ಆಯುಧ ಆ ಚಾಕರಿಯ ಭಾಗ. ಕಾಯುವವನೇ ಹಂದಿ ಹೊಡೆಯುವವನೂ ಹೌದು. ಒಂದು ಊರಿಗೆ ಈಡು ತುಂಬಲು ಬಲ್ಲ ನಾಲ್ಕು ಜನರಿದ್ದರೆ ಆ ವಿದ್ಯೆ ಮಕ್ಕಳಿಗೆ ಇಳಿಯುತ್ತದೆ. ಎಲ್ಲರೂ ಬಲ್ಲವರಾಗಬೇಕಿಲ್ಲ.

ಕನ್ನಡ ನಾಡಿನಲ್ಲೇ ಹಲಗಲಿಗೆ ಎದುರು ಸಾಕ್ಷಿ ಒಂದಿದೆ, ಅದು ಕೊಡಗು. ಹಲಗಲಿಯ ನೇಣಿನ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರ ನಿಷ್ಠೆಯನ್ನು ಹೊಗಳಿ ಅವರನ್ನು ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಬಿಡುಗಡೆ ಮಾಡಿದ. ಆ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿನವರೆಗೆ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್‌ನಲ್ಲಿ ಕೋವಿಗೆ ಪೂಜೆ, ಪುತ್ತರಿಯಲ್ಲಿ ಕೋವಿಯ ಸದ್ದು. ಎರಡೂ ಕಡೆ ಒಂದೇ ಬಗೆಯ ಕಾಯ್ದೆ, ಒಂದೇ ಕಾಲ. ಒಂದು ಕಡೆ ಆಯುಧ ಹಬ್ಬದಲ್ಲಿ ಉಳಿಯಿತು, ಇನ್ನೊಂದು ಕಡೆ ಲಾವಣಿಯಲ್ಲಿ. ಕಸುಬು ತನ್ನಷ್ಟಕ್ಕೆ ಸತ್ತಿತೆನ್ನುವವರು ಈ ವ್ಯತ್ಯಾಸಕ್ಕೆ ಕಾರಣ ಕೊಡಬೇಕಾಗುತ್ತದೆ. ಕೊಡಗಿಗೂ ಸಿಕ್ಕದ್ದು ಕೋವಿ ಇಟ್ಟುಕೊಳ್ಳುವ ವಿನಾಯಿತಿ ಮಾತ್ರ ಎಂಬುದನ್ನೂ ಮರೆಯಬಾರದು. ತೋಟಾ ಅಲ್ಲಿಯೂ ಅಂಗಡಿಯದ್ದೇ.

1948ರಲ್ಲಿ ಜತ್ತ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1951ರಲ್ಲಿ ಮುಂಬಯಿಯ ವನ್ಯಪ್ರಾಣಿ ಕಾಯ್ದೆ, 1972ರಲ್ಲಿ ದೇಶಕ್ಕೆಲ್ಲ ಒಂದು ಕಾಯ್ದೆ ಬಂದು ಬೇಟೆಯ ಬಾಗಿಲು ಮುಚ್ಚುತ್ತ ಹೋಯಿತು. ಮುಚ್ಚಿದ್ದು ಒಳ್ಳೆಯದೇ. ಎರೆಭೂತದಂಥ ಹಕ್ಕಿಯನ್ನು ದಖನ್ನಿನ ಬಯಲಿನಲ್ಲಿ ಬಹುಮಟ್ಟಿಗೆ ಕಳೆದುಕೊಂಡ ಮೇಲೆ ಇದರಲ್ಲಿ ಎರಡು ಮಾತಿಲ್ಲ. ಆದರೆ ಈಡು ತುಂಬುವ ವಿದ್ಯೆ ಹೋದದ್ದಕ್ಕೆ 1972ನ್ನು ಕಾರಣ ಮಾಡುವುದು ತಪ್ಪು, ಅದಕ್ಕೆ 94 ವರ್ಷ ಮೊದಲೇ ಬೀಗ ಬಿದ್ದಿತ್ತು. ಆ ಬೀಗಕ್ಕೆ ಒಂದು ಸಂದಿ ಮಾತ್ರ ಉಳಿದಿದೆ. 1959ರ ಆಯುಧ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ರೈತನಿಗೆ ಬಾಯಿಂದ ಮದ್ದು ತುಂಬುವ ಬಂದೂಕಿನ ಪರವಾನಗಿಯನ್ನು ಸುಲಭ ಮಾಡಿದೆ. ಹೀಗಾಗಿ ನಮ್ಮ ಕಾನೂನು ಇವತ್ತು ಗುರುತಿಸುವ, ತನ್ನ ಈಡನ್ನು ತಾನೇ ಅಳೆದು ತುಂಬುವ ಸಾಮಾನ್ಯ ಮನುಷ್ಯ ಯಾರೆಂದರೆ ಹಂದಿ ಕಾಟಕ್ಕೆ ಹೊಲದಲ್ಲಿ ಮಲಗುವ ರೈತ. ಅವನ ಲೋಹ ಇವತ್ತಿಗೂ ಸೀಸವೇ. ತಾಮ್ರ ಅವನ ಕೈಗೆ ಬಂದರೂ ಉಪಯೋಗವಿಲ್ಲ. ಒಂದೇ ತೂಕಕ್ಕೆ ತಾಮ್ರ ಸೀಸಕ್ಕಿಂತ ಕಾಲು ಪಾಲಿಗೂ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡು ನೇರ ಹೋಗಲು ನಳಿಗೆಯೊಳಗೆ ಬಿಗಿಯಾದ ತಿರುಪು ಗೀರುಗಳಿರಬೇಕು, ಅದು ಅರಳಬೇಕಾದರೆ ವೇಗವೂ ಬೇಕು. ನುಣುಪು ನಳಿಗೆಯ ಕೇಪಿನ ಬಂದೂಕಿಗೆ ಗೀರೂ ಇಲ್ಲ, ಆ ವೇಗವೂ ಇಲ್ಲ. ಸೀಸದ ವಿಷದ ಪ್ರಶ್ನೆ ನಮ್ಮಲ್ಲಿ ಹುಟ್ಟದಿರಲು ಇನ್ನೊಂದು ಕಾರಣ ನಮ್ಮ ರಣಹದ್ದುಗಳನ್ನು ಕೊಂದದ್ದು ಬೇರೆ ವಸ್ತು ಎಂಬುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅದು, 2006ರಲ್ಲಿ ಪಶುವೈದ್ಯಕ್ಕೆ ನಿಷೇಧವಾಯಿತು. ಆದರೆ 2022ರಲ್ಲಿ ಕೇರಳ ಸರ್ಕಾರ ಕಾಡುಹಂದಿ ಹೊಡೆಸುವ ಅಧಿಕಾರವನ್ನು ಪಂಚಾಯಿತಿಗಳಿಗೆ ಕೊಟ್ಟ ಮೇಲೆ ಕಾಸರಗೋಡಿನಂಥ ಕಡೆಗಳಲ್ಲಿ ಪರವಾನಗಿಯ ಬಂದೂಕುಗಳು ಸರ್ಕಾರದ ಒಪ್ಪಿಗೆಯಿಂದಲೇ ಮತ್ತೆ ಹೊಲಕ್ಕೆ ಇಳಿದಿವೆ. ಹೊಡೆದ ಹಂದಿಯ ಹೆಣವನ್ನು ಏನು ಮಾಡಬೇಕೆಂಬುದಕ್ಕೆ ಅಲ್ಲಿ ನಿಯಮವಿದೆ. ಯಾವ ಲೋಹದ ಗುಂಡಿನಿಂದ ಹೊಡೆಯಬೇಕೆಂಬ ಚರ್ಚೆ ಈ ದೇಶದಲ್ಲಿ ಇನ್ನೂ ಶುರುವಾಗಬೇಕಷ್ಟೆ.